ಕಾಲೇಜಿನ ಹಿಂದೆ ಆಸ್ಪತ್ರೆ ಇದೆಯೇ, ಮೊದಲು ನೋಡಿ

ದ್ವಿತೀಯ ಪಿಯು ಫಲಿತಾಂಶ ಬಂದ ಮೂರನೆಯ ದಿನ ಹಿರೇಕೆರೂರು ಕಡೆಯಿಂದ ತಾಯಿ ಮಗಳು ನನ್ನನ್ನು ಹುಡುಕಿಕೊಂಡು ಬಂದಿದ್ದರು. ಮಗಳದು ಕಲಾ ವಿಭಾಗ, ಶೇ 61 ಅಂಕ. ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು ನೇರವಾಗಿ ವಿಷಯಕ್ಕೆ ಬಂದರು: "ಎಎನ್‌ಎಂ ಅನ್ನುತ್ತಾರೆ, ಜಿಎನ್‌ಎಂ ಅನ್ನುತ್ತಾರೆ, ಬಿಎಸ್‌ಸಿ ಅನ್ನುತ್ತಾರೆ. ಎಲ್ಲರೂ ಸೂಜಿ ಚುಚ್ಚುವವರೇ ಅಲ್ಲವೇ ಮೇಡಂ? ಯಾವುದು ಬೇಗ ಮುಗಿಯುತ್ತದೋ ಅದನ್ನು ಹೇಳಿಬಿಡಿ."

ಹದಿನೈದು ವರ್ಷ ವಾರ್ಡು ಮತ್ತು ಐಸಿಯುಗಳಲ್ಲಿ ಕೆಲಸ ಮಾಡಿದ್ದೇನೆ, ಹನ್ನೆರಡು ವರ್ಷದಿಂದ ನರ್ಸಿಂಗ್ ಪಾಠ ಹೇಳುತ್ತಿದ್ದೇನೆ. ಈ ಪ್ರಶ್ನೆ ಪ್ರತಿ ಬೇಸಿಗೆಯಲ್ಲೂ ಬರುತ್ತದೆ. ನಾನು ತಾಯಿಗೆ ಉತ್ತರಿಸುವ ಮೊದಲು ಮಗಳನ್ನು ಕೇಳಿದೆ, "ನಿನಗೆ ಈ ಕೆಲಸ ಏಕೆ ಬೇಕು?" ಅವಳು ಸ್ವಲ್ಪ ಹೊತ್ತು ನೆಲ ನೋಡಿ ಹೇಳಿದಳು: "ಅಜ್ಜಿಗೆ ಲಕ್ವ ಹೊಡೆದಿತ್ತು. ಎರಡು ವರ್ಷ ಹಾಸಿಗೆಯಲ್ಲೇ ಇದ್ದರು. ನಾನೇ ಮಗ್ಗುಲು ಬದಲಿಸುತ್ತಿದ್ದೆ. ಬೆನ್ನಿಗೆ ಒಂದೂ ಹುಣ್ಣಾಗಲಿಲ್ಲ." ಎರಡು ವರ್ಷ ಮಲಗಿದ ಜೀವಕ್ಕೆ ಹಾಸಿಗೆ ಹುಣ್ಣಾಗದಂತೆ ನೋಡಿಕೊಳ್ಳುವುದು ದೊಡ್ಡ ಆಸ್ಪತ್ರೆಗಳಿಗೂ ಸುಲಭವಲ್ಲ. ಶುಶ್ರೂಷೆಯ ಅರ್ಧ ಪಾಠವನ್ನು ಆ ಹುಡುಗಿ ಆಗಲೇ ಕಲಿತಿದ್ದಳು. ಉಳಿದರ್ಧಕ್ಕೆ ಯಾವ ದಾರಿ ಎಂಬುದಷ್ಟೇ ಪ್ರಶ್ನೆ.

ಎಎನ್‌ಎಂ, ಅಂದರೆ ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್, ಎರಡು ವರ್ಷದ ತರಬೇತಿ. ಪಿಯುನಲ್ಲಿ ಯಾವ ವಿಭಾಗ ಓದಿದ್ದರೂ ನಡೆಯುತ್ತದೆ, ಆದರೆ ಹೆಣ್ಣುಮಕ್ಕಳಿಗೆ ಮಾತ್ರ. ಇದನ್ನು ಕಲಿತವರ ಮುಖ್ಯ ಕಾರ್ಯಕ್ಷೇತ್ರ ಹಳ್ಳಿಯ ಆರೋಗ್ಯ ಉಪಕೇಂದ್ರ. ಬಯಲು ಪ್ರದೇಶದಲ್ಲಿ 5,000 ಜನರಿಗೆ, ಗುಡ್ಡಗಾಡಿನಲ್ಲಿ 3,000 ಜನರಿಗೆ ಒಂದು ಉಪಕೇಂದ್ರ ಎಂಬುದು ಸರ್ಕಾರದ ಲೆಕ್ಕ. ಊರಿನವರ ಬಾಯಲ್ಲಿ ಇವರು ಇವತ್ತಿಗೂ ನರ್ಸಮ್ಮ. ಕಡತದಲ್ಲಿ ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ. ಈ ಕೆಲಸವನ್ನು ಕೆಳಗಿನ ಮೆಟ್ಟಿಲು ಎಂದು ನೋಡುವವರನ್ನು ಒಂದು ಲಸಿಕಾ ದಿನ ಅವರ ಜೊತೆ ಕಳುಹಿಸಬೇಕು ಅನ್ನಿಸುತ್ತದೆ. ಹೆಗಲಿಗೆ ನಾಲ್ಕು ಐಸ್‌ಪ್ಯಾಕ್‌ಗಳ ಲಸಿಕೆ ಪೆಟ್ಟಿಗೆ. ಐಸ್‌ಪ್ಯಾಕನ್ನು ಕಿವಿಯ ಹತ್ತಿರ ಅಲುಗಾಡಿಸಿ, ಒಳಗೆ ನೀರಾಡುವ ಸದ್ದು ಕೇಳಿದ ಮೇಲೆಯೇ ಪೆಟ್ಟಿಗೆಗೆ ಇಡಬೇಕು. ಇಲ್ಲದಿದ್ದರೆ ಕೆಲವು ಲಸಿಕೆಗಳು ಹೆಪ್ಪುಗಟ್ಟಿ ಕೆಡುತ್ತವೆ. ಕ್ಷಯ ತಡೆಯುವ ಬಿಸಿಜಿ ಎಡತೋಳಿಗೆ, ಚರ್ಮದ ಪದರದ ಒಳಗೆ. ದಡಾರ, ರುಬೆಲ್ಲಾ ತಡೆಯುವ ಎಂಆರ್ ಬಲತೋಳಿಗೆ, ಚರ್ಮದ ಕೆಳಗೆ. ಐದು ರೋಗ ತಡೆಯುವ ಪೆಂಟಾವೇಲೆಂಟ್ ಎಡತೊಡೆಯ ಸ್ನಾಯುವಿಗೆ. ಬಿಸಿಜಿ, ಎಂಆರ್ ಕಲಸಿದ ಗಳಿಗೆಯನ್ನು ಸೀಸೆಯ ಮೇಲೆ ಬರೆಯಬೇಕು, ನಾಲ್ಕು ಗಂಟೆ ಕಳೆದರೆ ಎಸೆಯಬೇಕು. ಇಷ್ಟನ್ನೂ ಅಂಗನವಾಡಿಯ ಜಗಲಿಯ ಮೇಲೆ, ಮೂವತ್ತು ಮಕ್ಕಳ ಅಳುವಿನ ನಡುವೆ, ಒಬ್ಬರೇ ಮಾಡುತ್ತಾರೆ. ಜನರ ನಡುವೆ ಓಡಾಡುವ ಮನಸ್ಸಿರುವವರಿಗೆ ಇದಕ್ಕಿಂತ ತೃಪ್ತಿಯ ಕೆಲಸವಿಲ್ಲ.

ಆಸ್ಪತ್ರೆಯ ಒಳಗಿನ ಕೆಲಸ ಬೇಕೆಂದರೆ ಜಿಎನ್‌ಎಂ ಅಥವಾ ಬಿಎಸ್‌ಸಿ. ಜಿಎನ್‌ಎಂ, ಅಂದರೆ ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ, ಮೂರು ವರ್ಷದ ಡಿಪ್ಲೊಮಾ. ಪಿಯುನಲ್ಲಿ ಯಾವ ವಿಭಾಗವಾದರೂ ಸರಿ, ಇಂಗ್ಲಿಷ್ ಓದಿರಬೇಕು, ಶೇ 40 ಅಂಕ ಬೇಕು. ಬಿಎಸ್‌ಸಿ ನರ್ಸಿಂಗ್ ನಾಲ್ಕು ವರ್ಷದ ಪದವಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿ ಶೇ 45 ಪಡೆದಿರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 40. ಕರ್ನಾಟಕದಲ್ಲಿ ಸರ್ಕಾರಿ ಕೋಟಾದ ಬಿಎಸ್‌ಸಿ ಸೀಟುಗಳು ಈಗ ಸಿಇಟಿ ಮೂಲಕ ಹಂಚಿಕೆಯಾಗುತ್ತವೆ. ಇವೆರಡಕ್ಕೂ ಗಂಡುಮಕ್ಕಳು ಸೇರಬಹುದು, ಸೇರುತ್ತಲೂ ಇದ್ದಾರೆ. ವಾರ್ಡುಗಳಲ್ಲಿ 'ಬ್ರದರ್' ಎಂಬ ಕರೆ ಈಗ 'ಸಿಸ್ಟರ್' ಎಂಬ ಕರೆಯಷ್ಟೇ ಸಹಜವಾಗಿದೆ. ಓದು ಮುಗಿದ ಮೇಲೆ ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಆ ನೋಂದಣಿ ಸಂಖ್ಯೆ ಇಲ್ಲದವರು, ಎಷ್ಟು ವರ್ಷದ ಅನುಭವವಿದ್ದರೂ, ಕಾನೂನಿನ ಕಣ್ಣಿನಲ್ಲಿ ನರ್ಸ್ ಅಲ್ಲ. "ಆರು ತಿಂಗಳ ನರ್ಸಿಂಗ್ ಕೋರ್ಸ್" ಎಂದು ಬಸ್ ನಿಲ್ದಾಣದ ಗೋಡೆಗಳಲ್ಲಿ ಕಾಣುವ ಜಾಹೀರಾತುಗಳನ್ನು ನಂಬಿ ಹಣ ಕಟ್ಟಿದ ಮಕ್ಕಳು ನನ್ನೆದುರು ಕುಳಿತು ಅತ್ತದ್ದಿದೆ. ಆ ಪ್ರಮಾಣಪತ್ರಕ್ಕೆ ಯಾವ ಪರಿಷತ್ತೂ ನೋಂದಣಿ ಕೊಡುವುದಿಲ್ಲ.

ಹಾಗಾಗಿ ಕಲಾ ವಿಭಾಗ ಓದಿದ ಹಿರೇಕೆರೂರಿನ ಹುಡುಗಿಗೆ ನೇರ ಬಿಎಸ್‌ಸಿ ಸಿಗುವುದಿಲ್ಲ. ಅದಕ್ಕೆ ಕೊರಗಬೇಕಾಗಿಲ್ಲ. ಜಿಎನ್‌ಎಂ ಮುಗಿಸಿ ನೋಂದಣಿಯಾದವರಿಗೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್‌ಸಿ ಇದೆ. ಆಮೇಲೆ ಎಂಎಸ್‌ಸಿ ಕೂಡ ಮಾಡಬಹುದು. ನನ್ನ ಜೊತೆ ಪಾಠ ಹೇಳುವವರಲ್ಲಿ ಇಬ್ಬರು ಇದೇ ದಾರಿಯಲ್ಲಿ ಬಂದವರು, ಅವರ ಕೈಚಳಕಕ್ಕೆ ನಮ್ಮಲ್ಲಿ ಯಾರೂ ಸಾಟಿಯಿಲ್ಲ.

ಪಾಲಕರು ಕೋರ್ಸಿನ ಹೆಸರಿನ ಮೇಲೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಾರೆ, ಆದರೆ ಕಾಲೇಜಿನ ಹಿಂದೆ ಆಸ್ಪತ್ರೆ ಇದೆಯೇ ಎಂದು ಕೇಳುವವರು ನೂರಕ್ಕೆ ಒಬ್ಬರೂ ಸಿಗುವುದಿಲ್ಲ. ನನಗೆ ಅದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಏಕೆಂದು ಒಂದು ಉದಾಹರಣೆಯಲ್ಲಿ ಹೇಳುತ್ತೇನೆ. 500 ಎಂಎಲ್ ಸಲೈನ್ ಎಂಟು ಗಂಟೆಯಲ್ಲಿ ಹೋಗಬೇಕು ಎಂದು ವೈದ್ಯರು ಬರೆದಿದ್ದಾರೆ. ಸಲೈನ್ ಹನಿಸುವ ಕೊಳವೆಯ ಸೆಟ್‌ನ ಪೊಟ್ಟಣದ ಮೇಲೆ ಒಂದು ಎಂಎಲ್‌ಗೆ 20 ಹನಿ ಎಂದಿದೆ. 500ನ್ನು 20ರಿಂದ ಗುಣಿಸಿ 480 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 21 ಹನಿ. ಮಕ್ಕಳಿಗೆ ಬಳಸುವ ಮೈಕ್ರೋ ಸೆಟ್‌ನಲ್ಲಿ ಒಂದು ಎಂಎಲ್‌ಗೆ 60 ಹನಿ. ಅಲ್ಲಿ ಗಂಟೆಗೆ ಎಷ್ಟು ಎಂಎಲ್ಲೋ ನಿಮಿಷಕ್ಕೆ ಅಷ್ಟೇ ಹನಿ. ತರಗತಿಯಲ್ಲಿ ಇದು ಐದು ನಿಮಿಷದ ಲೆಕ್ಕ. ಆದರೆ ರಾತ್ರಿ ಎರಡು ಗಂಟೆಗೆ, ಹೃದಯ ಸೋತ ಒಬ್ಬ ಮುದುಕರು ನಿದ್ದೆಯಲ್ಲಿ ಕೈ ಮಡಿಚಿದಾಗ ಹನಿ ನಿಂತು, ಚಾಚಿದ ಕೂಡಲೇ ಧಾರೆಯಾಗಿ ಹರಿಯುತ್ತದೆ. ಬೇಗ ಹೋದ ನೀರು ಶ್ವಾಸಕೋಶದಲ್ಲಿ ತುಂಬಿಕೊಂಡು ಅವರು ಎದ್ದು ಕುಳಿತು ಏದುಸಿರು ಬಿಡುತ್ತಾರೆ. ಆ ಉಸಿರಿನ ಸದ್ದನ್ನು ಒಮ್ಮೆ ಕೇಳಿದ ವಿದ್ಯಾರ್ಥಿನಿ ಮುಂದೆ ಯಾವ ಹಾಸಿಗೆಯ ಬಳಿ ಹಾದು ಹೋದರೂ ಅವಳ ಕಣ್ಣು ತಾನಾಗಿ ಹನಿಯ ಕಡೆ ಹೋಗುತ್ತದೆ. ಇದನ್ನು ಯಾವ ಪುಸ್ತಕವೂ ಕಲಿಸಲಾರದು.

ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿಗೆ ಪ್ರಾಯೋಗಿಕ ಪರೀಕ್ಷೆ ನಡೆಸಲು ಹೋಗಿದ್ದೆ. ಪ್ರಯೋಗಾಲಯದ ಬೊಂಬೆಗೆ ಸುತ್ತಿದ ಪ್ಲಾಸ್ಟಿಕ್ ಇನ್ನೂ ಬಿಚ್ಚಿರಲಿಲ್ಲ. ಕೊನೆಯ ವರ್ಷದ ಹುಡುಗಿಯೊಬ್ಬಳಿಗೆ ಮೂತ್ರನಾಳದ ಕ್ಯಾಥೆಟರ್ ಹಾಕುವ ಕ್ರಮ ಕೇಳಿದೆ. ಒಂದು ಪದವೂ ತಪ್ಪದೆ ಒಪ್ಪಿಸಿದಳು. ಎಷ್ಟು ಜನರಿಗೆ ಹಾಕಿದ್ದೀಯ ಎಂದು ಕೇಳಿದರೆ ತಲೆ ತಗ್ಗಿಸಿದಳು. ಅದು ಅವಳ ತಪ್ಪಲ್ಲ. ಅವಳ ಅಪ್ಪ ಹೊಲ ಅಡವಿಟ್ಟು ಕಟ್ಟಿದ ಶುಲ್ಕಕ್ಕೆ ಆ ಸಂಸ್ಥೆ ಮಾಡಿದ ಮೋಸ. ಅಂದಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ವಿದ್ಯಾರ್ಥಿ ಒಬ್ಬರಿಗೆ ಮೂವರು ರೋಗಿಗಳಾದರೂ ಇರಬೇಕು ಎಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ಕಾಗದದ ಮೇಲೆ ಎಲ್ಲರೂ ಇದನ್ನು ತೋರಿಸುತ್ತಾರೆ. ನೀವು ಮಾಡಬೇಕಾದದ್ದು ಸರಳ: ಯಾರಿಗೂ ಹೇಳದೆ ಒಂದು ಸೋಮವಾರ ಬೆಳಿಗ್ಗೆ ಆ ಆಸ್ಪತ್ರೆಯ ವಾರ್ಡಿಗೆ ಹೋಗಿ ಹಾಸಿಗೆಗಳಲ್ಲಿ ಜನರಿದ್ದಾರೆಯೇ ನೋಡಿ. ಹೆರಿಗೆ ಕೋಣೆ ನಡೆಯುತ್ತಿದೆಯೇ ಕೇಳಿ. ಹೊರಗೆ ಚಹಾ ಅಂಗಡಿಯಲ್ಲಿ ನಿಂತಿರುವ ಎರಡನೆಯ ವರ್ಷದ ಮಕ್ಕಳನ್ನು ಮಾತನಾಡಿಸಿ, ವಾರಕ್ಕೆ ಎಷ್ಟು ದಿನ ವಾರ್ಡಿಗೆ ಹೋಗುತ್ತೀರಿ ಎಂದು ವಿಚಾರಿಸಿ. ಬಿಎಸ್‌ಸಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಂತಹ ವಿಶ್ವವಿದ್ಯಾಲಯದ ಸಂಯೋಜನೆ, ರಾಜ್ಯ ಪರಿಷತ್ತಿನ ಮಾನ್ಯತೆ, ಇವೆಲ್ಲ ಬೇಕೇ ಬೇಕು. ಆದರೆ ಮಾನ್ಯತೆಯ ಚೌಕಟ್ಟು ಹಾಕಿದ ಪತ್ರಕ್ಕಿಂತ ತುಂಬಿದ ವಾರ್ಡು ಹೆಚ್ಚು ನಿಜ ಹೇಳುತ್ತದೆ. ಈ ಕಾರಣಕ್ಕೇ ಹಳೆಯ ಸರ್ಕಾರಿ ಜಿಲ್ಲಾ ಆಸ್ಪತ್ರೆಗೆ ಅಂಟಿಕೊಂಡ ಶಾಲೆಗಳನ್ನು, ಅವುಗಳ ಗೋಡೆಗೆ ಬಣ್ಣವಿಲ್ಲದಿದ್ದರೂ, ನಾನು ಮೊದಲು ಹೇಳುತ್ತೇನೆ.

ಮೂಲ ಓದು ಗಟ್ಟಿಯಾದರೆ ಮುಂದೆ ದಾರಿಗಳು ಬಹಳ. ನೋಂದಾಯಿತ ನರ್ಸುಗಳಿಗೆ ಒಂದು ವರ್ಷದ ವಿಶೇಷ ಡಿಪ್ಲೊಮಾಗಳಿವೆ: ಕ್ಯಾನ್ಸರ್, ನವಜಾತ ಶಿಶು, ಶಸ್ತ್ರಚಿಕಿತ್ಸಾ ಕೊಠಡಿ, ಮೂತ್ರಪಿಂಡ, ತುರ್ತು ಚಿಕಿತ್ಸೆ ಮುಂತಾಗಿ. ಐಸಿಯು ಕೆಲಸದಲ್ಲಿ ಆಳಕ್ಕೆ ಇಳಿಯಬೇಕೆನ್ನುವ ಬಿಎಸ್‌ಸಿ ಪದವೀಧರರಿಗೆ ಎರಡು ವರ್ಷದ ನರ್ಸ್ ಪ್ರಾಕ್ಟೀಷನರ್ ಸ್ನಾತಕೋತ್ತರ ತರಬೇತಿ ಇದೆ. ಅಲ್ಲಿ ಓದಿಗಿಂತ ಹಾಸಿಗೆಯ ಪಕ್ಕದ ಕೆಲಸವೇ ಹೆಚ್ಚು. ಪಾಠ ಹೇಳುವವರಿಗೆ ಎಂಎಸ್‌ಸಿ. ಸೇನೆ ಬೇಕೆನ್ನುವ ಹುಡುಗಿಯರಿಗೆ ಮಿಲಿಟರಿ ನರ್ಸಿಂಗ್ ಸೇವೆ. ಅದರ ಬಿಎಸ್‌ಸಿಗೆ ನೀಟ್ ಬರೆಯಬೇಕು, ಮುಗಿಸಿದವರು ಲೆಫ್ಟಿನೆಂಟ್ ಆಗಿ ಸೇರುತ್ತಾರೆ. ಹಳ್ಳಿಯಲ್ಲೇ ಇದ್ದು ಹೊಣೆಯ ಕೆಲಸ ಮಾಡಬೇಕೆನ್ನುವವರಿಗೆ 2018ರ ನಂತರ ಸಮುದಾಯ ಆರೋಗ್ಯ ಅಧಿಕಾರಿ ಎಂಬ ಹುದ್ದೆ ತೆರೆದಿದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಯವರನ್ನು ಊರಲ್ಲೇ ತಪಾಸಣೆ ಮಾಡಿ, ಔಷಧಿ ತಪ್ಪದಂತೆ ನೋಡಿಕೊಳ್ಳುವುದು ಅವರ ದಿನದ ಕೆಲಸ.

ಎರಡು ದಾರಿಗಳ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಅಗತ್ಯ ಹೆಚ್ಚಿದ್ದರೂ ಆ ಕಡೆ ಹೊರಳುವವರು ಕಡಿಮೆ. ಒಂದು ಮನೋರೋಗ ಶುಶ್ರೂಷೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ತರಬೇತಿ 1950ರ ದಶಕದಿಂದ ನಡೆದುಬಂದಿದೆ. ಹುಚ್ಚಾಸ್ಪತ್ರೆಗೆ ಮಗಳನ್ನು ಕಳುಹಿಸುವುದೇ ಎಂದು ಹಿಂಜರಿಯುವ ಅಪ್ಪಂದಿರನ್ನು ನಾನು ನೋಡಿದ್ದೇನೆ. ಆ ವಾರ್ಡಿನಲ್ಲಿ ನರ್ಸ್ ಏನು ಮಾಡುತ್ತಾರೆ ಎಂದು ಅವರಿಗೆ ಗೊತ್ತಿರುವುದಿಲ್ಲ. ಮಾತ್ರೆ ಕೊಟ್ಟ ಮೇಲೆ ನಾಲಿಗೆ ಎತ್ತಿಸಿ, ಕೆನ್ನೆಯ ಒಳಗೆ ಅಡಗಿಸಿಕೊಂಡಿಲ್ಲ ಎಂದು ನೋಡುತ್ತಾರೆ. ಮನಸ್ಸಿನ ಏರಿಳಿತ ತಡೆಯುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರ ಕೈ ಒರಟಾಗಿ ನಡುಗತೊಡಗಿದರೆ, ಭೇದಿ, ವಾಂತಿ ಶುರುವಾದರೆ, ಮುಂದಿನ ಡೋಸ್ ತಡೆಹಿಡಿದು ವೈದ್ಯರನ್ನು ಕರೆಯುತ್ತಾರೆ. ನಿನ್ನೆಯವರೆಗೆ ಮುಖ ತಿರುಗಿಸಿ ಮಲಗಿದ್ದ ಹೆಂಗಸು ಇಂದು ಇದ್ದಕ್ಕಿದ್ದಂತೆ ಶಾಂತಳಾಗಿ, ತನ್ನ ಬಳೆ ಬಿಚ್ಚಿ ಪಕ್ಕದವಳಿಗೆ ಕೊಟ್ಟರೆ, ಜೀವ ಕಳೆದುಕೊಳ್ಳಲು ನಿರ್ಧರಿಸಿರಬಹುದು ಎಂದು ಅರಿತು ಆ ರಾತ್ರಿ ಅವಳನ್ನು ಕಣ್ಣಿನಿಂದ ಅಗಲಿಸುವುದಿಲ್ಲ. ಇಂತಹ ಸಣ್ಣ ಗುರುತನ್ನು ಮೊದಲು ಕಾಣುವುದು ದಿನವಿಡೀ ವಾರ್ಡಿನಲ್ಲೇ ಇರುವ ನರ್ಸ್. ಎಷ್ಟೋ ಜೀವಗಳು ಉಳಿದಿರುವುದು ಇಂತಹ ಒಂದು ನೋಟದಿಂದ.

ಇನ್ನೊಂದು ಸೂಲಗಿತ್ತಿಯ ಕೆಲಸ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾಡೇ ಹೆಮ್ಮೆಪಟ್ಟಿತು. ಶಾಲೆಯ ಮೆಟ್ಟಿಲು ಹತ್ತದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ತಾಯಿ ಎಂದು ಅವರ ಹೆಸರು ಮನೆಮಾತಾಗಿದೆ. ಅದೇ ವರ್ಷ ಕೇಂದ್ರ ಸರ್ಕಾರ ಸೂಲಗಿತ್ತಿ ಸೇವೆಗೆ ಮಾರ್ಗಸೂಚಿ ಹೊರಡಿಸಿ, ಹೆರಿಗೆ ವಾರ್ಡಿನಲ್ಲಿ ಅನುಭವವಿರುವ ನರ್ಸುಗಳಿಗೆ 18 ತಿಂಗಳ ಪ್ರತ್ಯೇಕ ತರಬೇತಿಗೆ ದಾರಿ ಮಾಡಿತು. ಸಹಜ ಹೆರಿಗೆಯನ್ನು ಸ್ವಂತ ಹೊಣೆಯಲ್ಲಿ ಮಾಡಿಸುವುದು ಇದರ ತಿರುಳು. ನೋವು ತಿನ್ನುವ ತಾಯಿಯ ಜೊತೆ ಕದಲದೆ ಇರುವುದು, ಮಗುವಿನ ಎದೆಬಡಿತ 110ರಿಂದ 160ರ ಒಳಗಿದೆಯೇ ಎಂದು ಮತ್ತೆ ಮತ್ತೆ ಕೇಳುವುದು, ಮಗು ಹೊರಬಂದ ಒಂದು ನಿಮಿಷದೊಳಗೆ ರಕ್ತಸ್ರಾವ ತಡೆಯಲು ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಕೊಡುವುದು, ಯಾವ ಗಳಿಗೆಯಲ್ಲಿ ಇದು ನನ್ನ ಕೈ ಮೀರಿತು ಎಂದು ಗುರುತಿಸಿ ದೊಡ್ಡಾಸ್ಪತ್ರೆಗೆ ಕಳುಹಿಸುವುದು. ತಾಳ್ಮೆಯುಳ್ಳ ಹೆಣ್ಣುಮಕ್ಕಳು ಈ ಕಡೆ ಬರಬೇಕು ಎಂಬುದು ನನ್ನ ದೊಡ್ಡ ಆಸೆ.

ಹೊರದೇಶದ ಮಾತು ಬಂದೇ ಬರುತ್ತದೆ. ಬ್ರಿಟನ್‌ಗೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಓದು, ಆಲಿಕೆ, ಮಾತಿನಲ್ಲಿ 7, ಬರವಣಿಗೆಯಲ್ಲಿ 6.5 ಬೇಕು, ಆಮೇಲೆ ಅಲ್ಲಿನ ಪರಿಷತ್ತಿನ ಎರಡು ಹಂತದ ಪರೀಕ್ಷೆ. ಅಮೆರಿಕಕ್ಕೆ ಎನ್‌ಕ್ಲೆಕ್ಸ್ ಎಂಬ ನರ್ಸ್ ಪರವಾನಗಿ ಪರೀಕ್ಷೆ. ಜರ್ಮನಿಗೆ ಜರ್ಮನ್ ಭಾಷೆಯನ್ನೇ ಕಲಿಯಬೇಕು. ಕೊಲ್ಲಿ ದೇಶಗಳಲ್ಲಿ ಸಾಮಾನ್ಯವಾಗಿ ಎರಡು ವರ್ಷದ ಅನುಭವ ಕೇಳುತ್ತಾರೆ. ಕಳುಹಿಸುವ ಏಜೆಂಟರು ನೋಂದಾಯಿತರೇ ಎಂದು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಿ. ಅವರು ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ.

ಇಲ್ಲೇ ಇರುವವರ ಸಂಬಳದ ವಿಷಯ ಬರೆಯುವಾಗ ಕೈ ಭಾರವಾಗುತ್ತದೆ. 2016ರಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ರಚನೆಯಾದ ತಜ್ಞರ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಕೊಡಬಾರದು, 200ಕ್ಕಿಂತ ಹೆಚ್ಚು ಹಾಸಿಗೆಗಳಿದ್ದರೆ ಸರ್ಕಾರಿ ನರ್ಸಿನಷ್ಟೇ ಕೊಡಬೇಕು ಎಂದು ಹೇಳಿತು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅದರ ಅರ್ಧಕ್ಕೆ ರಾತ್ರಿ ಪಾಳಿ ಮಾಡುತ್ತಿರುವವರು ಇವತ್ತಿಗೂ ಇದ್ದಾರೆ. ಕೆಲಸಕ್ಕೆ ಸೇರುವಾಗ ಮೂಲ ಅಂಕಪಟ್ಟಿಗಳನ್ನು ಯಾರ ಕೈಗೂ ಕೊಟ್ಟು ಬರಬೇಡಿ, ನಕಲು ಸಾಕು. ಸಿಕ್ಕಿಕೊಂಡು ಬಿಡಿಸಿಕೊಳ್ಳಲಾಗದೆ ಒದ್ದಾಡಿದವರನ್ನು ಕಂಡು ಹೇಳುತ್ತಿದ್ದೇನೆ.

ತಾಯಿ ಮಗಳು ಅಂದು ಜಿಎನ್‌ಎಂ ಎಂದು ತೀರ್ಮಾನಿಸಿ ಹೋದರು. ಊರಿಗೆ ಹತ್ತಿರ, ಶುಲ್ಕ ಕಂತಿನಲ್ಲಿ ಕಟ್ಟಬಹುದು ಎಂದು ಯಾರೋ ಒಂದು ಶಾಲೆ ತೋರಿಸಿದ್ದರಂತೆ. ನಾನು ವಾರ್ಡು ನೋಡಿ ಬನ್ನಿ ಎಂದಷ್ಟೇ ಹೇಳಿದೆ. ಮುಂದಿನ ವಾರ ಹುಡುಗಿ ಫೋನ್ ಮಾಡಿದಳು. "ಮೇಡಂ, ನೂರು ಹಾಸಿಗೆಯ ಆಸ್ಪತ್ರೆ ಎಂದು ಬೋರ್ಡಿನಲ್ಲಿದೆ. ನಾನು ಎಣಿಸಿದೆ. ಜನ ಇದ್ದದ್ದು ಒಂಬತ್ತು ಹಾಸಿಗೆಯಲ್ಲಿ, ಹೆರಿಗೆ ಕೋಣೆಗೆ ಬೀಗ. ಅವ್ವನಿಗೂ ತೋರಿಸಿದೆ. ನಾಳೆ ಜಿಲ್ಲಾ ಆಸ್ಪತ್ರೆ ಕಡೆ ಹೋಗುತ್ತೇವೆ."