ಜೀವವೇ ಇಲ್ಲದ ವೈರಸ್ ಸೋಪಿಗೆ ಸಾಯೋದು ಹೇಗೆ?

ಪ್ರಶ್ನೆ: ವೈರಸ್ಸಿಗೆ ಸ್ವಂತ ಜೀವವಿಲ್ಲ ಎಂದು ಮಗಳ ಪಾಠದಲ್ಲಿದೆ. ಸೋಪು ಹಾಕಿ ಕೈ ತೊಳೆದರೆ ವೈರಸ್ ಸಾಯುತ್ತದೆ ಎಂದು ಅವಳ ಶಾಲೆಯ ಗೋಡೆಯ ಮೇಲೇ ಬರೆದಿದೆ. ಜೀವ ಇಲ್ಲದ್ದು ಸಾಯುವುದು ಹೇಗೆ? ನಮ್ಮ ಮೈಯೊಳಗೆ ನುಗ್ಗುವುದಾದರೂ ಹೇಗೆ?
ಬಸವನಗುಡಿಯ ಓದುಗರೊಬ್ಬರು

ಉತ್ತರ: ಪಾಠ ಸರಿ, ಗೋಡೆಬರಹ ಸ್ವಲ್ಪ ತಪ್ಪು. ಹಾಗಂತ ಕೈ ತೊಳೆಯುವುದನ್ನು ಬಿಡಬೇಡಿ. ‘ಸಾಯುತ್ತದೆ’ ಅನ್ನುವ ಕಡೆ ‘ಕೆಟ್ಟುಹೋಗುತ್ತದೆ’ ಎಂದು ಬರೆದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಮೊಬೈಲು ಬಕೆಟ್ಟಿಗೆ ಬಿದ್ದಾಗ ‘ಸತ್ತೇಹೋಯ್ತು’ ಅಂತೀವಲ್ಲ, ಅಂಥ ಸಾವು ಅದು.

ಅಡುಗೆಮನೆಯ ಕಡುಬನ್ನು ನೆನೆಸಿಕೊಳ್ಳಿ. ಒಳಗೆ ಹೂರಣ, ಸುತ್ತ ಕನಕ. ವೈರಸ್ಸಿನ ಹೂರಣ ಅಂದರೆ ಡಿಎನ್‌ಎ ಇಲ್ಲವೇ ಆರ್‌ಎನ್‌ಎ. ಕನಕ ಅಂದರೆ ಪ್ರೋಟೀನಿನ ಕವಚ. ಕೆಲವಕ್ಕೆ ತುಪ್ಪ ಸವರಿದ ಹಾಗೆ ಕೊಬ್ಬಿನ ಪೊರೆಯೂ ಇರುತ್ತದೆ. ಆ ತುಪ್ಪ ಅದರ ಸ್ವಂತದ್ದಲ್ಲ. ಹಿಂದಿನ ಜೀವಕೋಶದಿಂದ ಹೊರಡುವಾಗ ಅಲ್ಲಿಯ ಪೊರೆಯನ್ನೇ ಹೊದ್ದುಕೊಂಡು ಬಂದಿರುತ್ತದೆ. ಪೊರೆಯಲ್ಲಿ ವೈರಸ್ಸಿನದೇ ಕೆಲವು ಪ್ರೋಟೀನುಗಳು ನಾಟಿಕೊಂಡಿರುತ್ತವೆ. ಮುಗಿಯಿತು. ಊಟ, ಉಸಿರು, ಬೆಳವಣಿಗೆ ಯಾವುದೂ ಇಲ್ಲ. ನನ್ನ ಹೋಲಿಕೆ ಒಂದು ಕಡೆ ಎಡವುತ್ತದೆ: ಕಡುಬಿನ ಹೂರಣವನ್ನು ತಿನ್ನಬಹುದು, ಇಲ್ಲಿ ಒಳಗಿರುವುದು ಇನ್ನಷ್ಟು ಕಡುಬು ಮಾಡುವುದು ಹೇಗೆಂದು ಬರೆದ ಚೀಟಿ ಮಾತ್ರ. ಚೀಟಿಯೇನೋ ಇದೆ, ಒಲೆಯಿಲ್ಲ, ಹಿಟ್ಟಿಲ್ಲ, ಕೈಯೂ ಇಲ್ಲ.

ನಿಮ್ಮ ಬಸವನಗುಡಿಗೂ ಈ ಕಥೆಗೂ ಒಂದು ದೂರದ ನಂಟಿದೆ. 1898ರಲ್ಲಿ ಬೆಂಗಳೂರಿನ ಪೇಟೆಗೆ ಪ್ಲೇಗ್ ಬಡಿಯಿತು. ಇಕ್ಕಟ್ಟಿನ ಪೇಟೆ ಬಿಟ್ಟು ಬಂದವರು ಬಸವನಗುಡಿ, ಮಲ್ಲೇಶ್ವರದ ಕಡೆ ಮನೆ ಮಾಡಿದರು. ಪ್ಲೇಗಿಗೆ ಕಾರಣ ಬ್ಯಾಕ್ಟೀರಿಯಾ, ಅದು ನಿಜಕ್ಕೂ ಜೀವಿ. ಅದೇ 1898ರಲ್ಲಿ ನೆದರ್‌ಲೆಂಡ್ಸ್‌ನ ಬೈಯರಿಂಕ್ ಎಂಬ ವಿಜ್ಞಾನಿ, ತಂಬಾಕಿನ ಎಲೆಯಲ್ಲಿ ಮಚ್ಚೆ ಮೂಡಿಸುವ ರೋಗದ ಬೆನ್ನು ಹತ್ತಿದ್ದರು. ಬ್ಯಾಕ್ಟೀರಿಯಾವನ್ನು ತಡೆಯುವ ಶೋಧಕದಲ್ಲಿ ಸೋಸಿದರೂ ಆ ರಸ ರೋಗ ಹಚ್ಚುತ್ತಿತ್ತು. ಅದರೊಳಗಿದ್ದುದನ್ನು ಅವರು ವೈರಸ್ ಎಂದು ಕರೆದರು. ಲ್ಯಾಟಿನ್ನಿನಲ್ಲಿ ಆ ಪದಕ್ಕೆ ವಿಷ ಎಂದರ್ಥ. 1935ರಲ್ಲಿ ಅಮೆರಿಕದ ವೆಂಡೆಲ್ ಸ್ಟ್ಯಾನ್ಲಿ ಅದೇ ವೈರಸ್ಸನ್ನು ಹರಳುಗಟ್ಟಿಸಿಬಿಟ್ಟರು. ಆ ಹರಳನ್ನು ಕರಗಿಸಿ ಗಿಡಕ್ಕೆ ಸವರಿದರೆ ಮತ್ತೆ ರೋಗ! ಹರಳಾಗಿ ಕೂತಿರಬಲ್ಲದ್ದನ್ನು ಜೀವಿ ಅನ್ನಬೇಕೋ ಬೇಡವೋ ಎಂಬ ಜಗಳ ಇನ್ನೂ ಹರಿದಿಲ್ಲ. ನನ್ನ ಕೇಳಿದರೆ, ಹೊರಗಿರುವ ತನಕ ಅದೊಂದು ವಸ್ತು, ಅಷ್ಟೇ.

ಇನ್ನು ನುಗ್ಗುವ ವಿಷಯ. ಮಳೆಗಾಲದಲ್ಲಿ ನಮ್ಮೂರಿನವರಿಗೆ ಚೆನ್ನಾಗಿ ಗೊತ್ತಿರುವ ಡೆಂಗಿಯನ್ನೇ ತೆಗೆದುಕೊಳ್ಳೋಣ. ಅಡ್ಡಳತೆ ಸುಮಾರು 50 ನ್ಯಾನೊಮೀಟರ್. ಒಂದು ಮಿಲಿಮೀಟರ್ ಉದ್ದಕ್ಕೆ ಸಾಲಾಗಿ ಇಟ್ಟರೆ 20,000 ಹಿಡಿಸುತ್ತವೆ. ಬಾಲ್ಕನಿಯ ಹೂಕುಂಡದ ತಟ್ಟೆಯಲ್ಲಿ ಹುಟ್ಟಿದ ಈಡಿಸ್ ಸೊಳ್ಳೆ, ಸೋಂಕಿದ್ದ ಯಾರನ್ನೋ ಕಚ್ಚಿ, ಕೆಲವು ದಿನ ಕಳೆದ ಮೇಲೆ ಹಗಲಿನಲ್ಲೇ ನಿಮ್ಮನ್ನು ಕಚ್ಚುತ್ತದೆ. ಅದರ ಎಂಜಲಿನ ಜೊತೆ ವೈರಸ್ ಚರ್ಮದೊಳಗೆ ಇಳಿಯುತ್ತದೆ.

ಅಲ್ಲಿರುವ ಕಾವಲು ಕೋಶಗಳ ಕೆಲಸವೇ ಅಪರಿಚಿತರನ್ನು ನುಂಗುವುದು. ವೈರಸ್ ಹೋಗಿ ಕೋಶದ ಮೈಗೆ ಅಂಟಿಕೊಂಡಿತೆಂದರೆ, ಕೋಶ ತಾನೇ ಪೊರೆಯನ್ನು ಒಳಕ್ಕೆ ಮಡಚಿ, ಚೀಲ ಮಾಡಿ, ಎಳೆದುಕೊಳ್ಳುತ್ತದೆ. ಬಾಗಿಲು ತೆಗೆದವರು ನಾವೇ! ನುಂಗಿದ್ದನ್ನು ಅರಗಿಸಲು ಕೋಶ ಆ ಚೀಲವನ್ನು ಹುಳಿಯಾಗಿಸುತ್ತದೆ. ಡೆಂಗಿ ವೈರಸ್ಸಿನ ಮೈಮೇಲೆ ಒಂದೇ ಬಗೆಯ 180 ಪ್ರೋಟೀನುಗಳು ಹೆಂಚು ಹೊದಿಸಿದ ಹಾಗೆ ಮಲಗಿರುತ್ತವೆ. ಹುಳಿ ತಾಗಿದ್ದೇ ತಡ, ಅವು ಮೂರು ಮೂರಾಗಿ ಎದ್ದು ನಿಂತು ಚೀಲದ ಗೋಡೆಗೆ ಚುಚ್ಚಿಕೊಳ್ಳುತ್ತವೆ, ಆಮೇಲೆ ಬಾಗಿ ಎರಡೂ ಪೊರೆಗಳನ್ನು ಹತ್ತಿರಕ್ಕೆ ಎಳೆಯುತ್ತವೆ. ಎಣ್ಣೆಯ ಎರಡು ಹನಿ ತಾಗಿದಾಗ ಒಂದಾಗುತ್ತವಲ್ಲ, ಹಾಗೆ ಪೊರೆಗಳು ಬೆರೆತು ತೂತು ಬೀಳುತ್ತದೆ. ಚೀಟಿ ಒಳಗೆ ಜಾರುತ್ತದೆ. ಇಷ್ಟರಲ್ಲಿ ಎಲ್ಲೂ ವೈರಸ್ ಯೋಚಿಸಿಲ್ಲ, ಬೆವರು ಸುರಿಸಿಲ್ಲ. ಇಲಿಬೋನು ಮುಚ್ಚಿಕೊಳ್ಳಲು ಬೋನಿಗೆ ಜೀವ ಬೇಕೆ?

ಆ ಚೀಟಿ ಸುಮಾರು 10,700 ಅಕ್ಷರಗಳ ಆರ್‌ಎನ್‌ಎ. ಕೋಶದಲ್ಲಿ ಪ್ರೋಟೀನು ತಯಾರಿಸುವ ರೈಬೋಸೋಮುಗಳಿಗೆ ಇದು ಯಾರ ಕೈಬರಹ ಎಂದು ಗೊತ್ತಾಗುವುದಿಲ್ಲ. ಓದಿ ಮಾಡಿಕೊಡುತ್ತವೆ. ಬರುವುದು ಒಟ್ಟು 10 ಪ್ರೋಟೀನು. ಅದರಲ್ಲಿ 3 ಹೊಸ ವೈರಸ್ಸಿನ ಮೈಗೆ. ಉಳಿದ 7 ನಕಲು ತೆಗೆಯುವುದು, ಕೋಶದ ಎಚ್ಚರಿಕೆಯ ಗಂಟೆ ಬಾರಿಸದಂತೆ ನೋಡಿಕೊಳ್ಳುವುದು ಇಂಥ ಕೆಲಸಗಳಿಗೆ. ಹೊಸ ವೈರಸ್ಸುಗಳು ಕೋಶದ ಒಳಪೊರೆಯನ್ನೇ ಹೊದ್ದು ಹೊರಬೀಳುತ್ತವೆ.

ಸೋಪಿಗೆ ಬರೋಣ. ಸೋಪಿನ ಅಣುವಿನ ಒಂದು ತುದಿಗೆ ನೀರು ಇಷ್ಟ, ಇನ್ನೊಂದಕ್ಕೆ ಜಿಡ್ಡು. ಒಬ್ಬಟ್ಟಿನ ಕಾವಲಿಯ ತುಪ್ಪ ಬಿಡಿಸುವ ಹಾಗೆಯೇ ಅದು ಫ್ಲೂ, ಕೊರೋನಾದಂಥ ವೈರಸ್ಸುಗಳ ಕೊಬ್ಬಿನ ಪೊರೆಯನ್ನು ಹರಿದುಹಾಕುತ್ತದೆ. ಪೊರೆ ಹೋದರೆ ಅಂಟಿಕೊಳ್ಳುವ ಪ್ರೋಟೀನೂ ಹೋಯಿತು. ಡೆಂಗಿಗೂ ಇಂಥದೇ ಪೊರೆಯಿದೆ, ಆದರೆ ಸೊಳ್ಳೆ ಇಂಜೆಕ್ಷನ್ ಕೊಟ್ಟಾಗ ಕೈ ತೊಳೆದು ಏನು ಬಂತು? ವಾಂತಿ ಭೇದಿ ತರುವ ರೋಟಾ, ನೋರೋ, ಹಾಗೆಯೇ ಪೋಲಿಯೊ ವೈರಸ್ಸುಗಳು ತುಪ್ಪ ಸವರದ ಒಣ ಕಡುಬುಗಳು. ಅವನ್ನು ಸೋಪು ಒಡೆಯಲಾರದು, ಕೈಯಿಂದ ಬಿಡಿಸಿ ನೀರಿನ ಜೊತೆ ಕಳಿಸುತ್ತದೆ. ಮನೆಯಲ್ಲಿ ಯಾರಿಗಾದರೂ ವಾಂತಿ ಭೇದಿ ಇದ್ದರೆ ಸ್ಯಾನಿಟೈಸರ್ ನಂಬಿ ಕೂರದೆ ನಲ್ಲಿ ತಿರುಗಿಸಿ.

ಜ್ವರ ಬಂದಾಗ ಡೆಂಗಿಯೇ ಎಂದು ನೋಡಲು ಲ್ಯಾಬಿನವರು ಮಾಡುವ ಎನ್‌ಎಸ್ 1 ಪರೀಕ್ಷೆ ಕೂಡ ಈ ಕಥೆಯದೇ ತುಣುಕು. ಆ 7 ಪ್ರೋಟೀನುಗಳಲ್ಲಿ ಒಂದರ ಹೆಸರು ಎನ್‌ಎಸ್ 1. ಅದು ವೈರಸ್ಸಿನ ಮೈಯ ಭಾಗವಲ್ಲ, ಸೋಂಕಾದ ನಮ್ಮ ಕೋಶ ತಯಾರಿಸಿ ರಕ್ತಕ್ಕೆ ಬಿಟ್ಟದ್ದು. ರಿಪೋರ್ಟಿನಲ್ಲಿ ಪಾಸಿಟಿವ್ ಎಂದಿದ್ದರೆ ಒಳಗೆ ಕಡುಬಿನ ಕಾರ್ಖಾನೆ ಆಗಲೇ ಶುರುವಾಗಿದೆ ಎಂದರ್ಥ. ಜ್ವರ ಶುರುವಾದ ಮೊದಲ ನಾಲ್ಕೈದು ದಿನ ಅದು ಚೆನ್ನಾಗಿ ಸಿಗುತ್ತದೆ. ತಡವಾಗಿ ಹೋದರೆ ಡೆಂಗಿಯೇ ಆಗಿದ್ದರೂ ನೆಗೆಟಿವ್ ಬರಬಹುದು, ಅದಕ್ಕೇ ಡಾಕ್ಟರು, ವೈರಸ್ಸಿನ ವಿರುದ್ಧ ನಮ್ಮ ಮೈ ತಯಾರಿಸುವ ಪ್ರತಿಕಾಯವನ್ನು ಹುಡುಕುವ ಐಜಿಎಂ ಪರೀಕ್ಷೆಯನ್ನೂ ಬರೆದುಕೊಡುವುದು.