ಇಷ್ಟೊಂದು ಸವೆದರೂ ಪರ್ವತಗಳೇಕೆ ಇನ್ನೂ ನಿಂತಿವೆ?

ಪ್ರಶ್ನೆ: ಮಳೆ, ಹಿಮ, ನದಿ ಎಲ್ಲವೂ ಬೆಟ್ಟಗಳನ್ನು ಸದಾ ಕೊರೆಯುತ್ತಲೇ ಇರುತ್ತವೆ ಅಂತೀರಿ. ಹಾಗಾದರೆ ಕೋಟ್ಯಂತರ ವರ್ಷ ಹಳೆಯ ಪರ್ವತಗಳು ಇಷ್ಟರಲ್ಲಿ ನೆಲಸಮವಾಗಬೇಕಿತ್ತಲ್ಲವೇ?

ಉತ್ತರ: ಬರೀ ಲೆಕ್ಕ ನೋಡಿದರೆ ನಿಮ್ಮ ಅನುಮಾನ ಸರಿಯೇ. ಎವರೆಸ್ಟ್‌ನ ಎತ್ತರ 8,848.86 ಮೀಟರ್. ವರ್ಷಕ್ಕೆ ಒಂದೇ ಮಿಲಿಮೀಟರ್ ಸವೆಯುತ್ತದೆ ಎಂದುಕೊಂಡರೂ 90 ಲಕ್ಷ ವರ್ಷದೊಳಗೆ ಅದು ಸಮುದ್ರಮಟ್ಟಕ್ಕೆ ಇಳಿಯಬೇಕು. ಭೂಮಿಯ ವಯಸ್ಸಿನಲ್ಲಿ ಅದು ನಿನ್ನೆ ಮೊನ್ನೆಯ ಮಾತು. ಆದರೆ ಅಮೆರಿಕದ ಅಪಲೇಚಿಯನ್ ಪರ್ವತಗಳಿಗೆ ಸುಮಾರು 30 ಕೋಟಿ ವರ್ಷವಾದರೂ ಅಲ್ಲಿನ ಮೌಂಟ್ ಮಿಚೆಲ್ ಇಂದಿಗೂ 2,037 ಮೀಟರ್ ಎತ್ತರವಿದೆ.

ಲೆಕ್ಕ ತಪ್ಪುವುದು ಎಲ್ಲಿ ಅಂದರೆ, ನಾವು ಕಣ್ಣಿಗೆ ಕಾಣುವ ಬೆಟ್ಟವನ್ನಷ್ಟೇ ಎಣಿಸಿದ್ದೇವೆ. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ಭೂಫಲಕ ಯುರೇಷಿಯಾಕ್ಕೆ ಬಂದು ಗುದ್ದಿದಾಗ ನಡುವಿನ ಕಲ್ಲೆಲ್ಲ ಮಡಿಚಿ, ಸೀಳಿ, ಒಂದರ ಮೇಲೊಂದು ಹತ್ತಿತು. (ಎವರೆಸ್ಟ್‌ನ ತುದಿಯ ಸುಣ್ಣಕಲ್ಲಿನಲ್ಲಿ ಸಮುದ್ರಜೀವಿಗಳ ಪಳೆಯುಳಿಕೆ ಸಿಗುವುದು ಇದರಿಂದಲೇ.) ಭೂಮಿಯ ಹೊರಪದರವಾದ ಭೂಕವಚ ಮೇಲಕ್ಕೆ ಎದ್ದದ್ದಕ್ಕಿಂತ ಕೆಳಕ್ಕೆ ಇಳಿದದ್ದೇ ಹೆಚ್ಚು. ಹೀಗೆ ಕೆಳಕ್ಕೆ ಇಳಿದ ಭಾಗವೇ ಪರ್ವತದ ಬೇರು. ಭೂಖಂಡಗಳಲ್ಲಿ ಸಾಮಾನ್ಯವಾಗಿ 35–40 ಕಿಲೋಮೀಟರ್ ಇರುವ ಅದರ ದಪ್ಪ ಟಿಬೆಟ್‌ನ ಅಡಿ 70ರ ಆಸುಪಾಸಿನಲ್ಲಿದೆ.

ಈ ಬೇರಿನ ಸುಳಿವು ಸಿಕ್ಕಿದ್ದು ಭಾರತದ ಸರ್ವೇಕ್ಷಣೆಯಲ್ಲೇ. ದಾರಕ್ಕೆ ಕಟ್ಟಿ ಇಳಿಬಿಟ್ಟ ಗುಂಡನ್ನು ಹಿಮಾಲಯ ತನ್ನತ್ತ ಎಷ್ಟು ಸೆಳೆಯಬೇಕೆಂದು ಕಲ್ಕತ್ತೆಯಲ್ಲಿದ್ದ ಪಾದ್ರಿ, ಗಣಿತಜ್ಞ ಜಾನ್ ಪ್ರಾಟ್ ಲೆಕ್ಕ ಹಾಕಿದರು. ಅಳತೆಯಲ್ಲಿ ಕಂಡ ಸೆಳೆತ ಅದರ ಮೂರನೇ ಒಂದು ಭಾಗದಷ್ಟು ಮಾತ್ರ! ಬೆಟ್ಟದಡಿ ಹಗುರ ಕಲ್ಲಿನ ಆಳವಾದ ಬೇರಿದ್ದರೆ ಮಾತ್ರ ಹೀಗಾಗಲು ಸಾಧ್ಯ ಎಂದು 1855ರಲ್ಲಿ ಬ್ರಿಟನ್ನಿನ ಖಗೋಳವಿಜ್ಞಾನಿ ಜಾರ್ಜ್ ಏರಿ ವಿವರಿಸಿದರು.

ಹಗುರ ಎಂಬುದೇ ಇಲ್ಲಿ ಮುಖ್ಯ. ಭೂಕವಚದ ಸಾಂದ್ರತೆ ನೀರಿನ ಸುಮಾರು 2.7 ಪಟ್ಟು, ಅದರ ಕೆಳಗಿನ ಪದರವಾದ ಮ್ಯಾಂಟಲ್‌ನದು 3.3 ಪಟ್ಟು. ಹಾಗಾಗಿ ಪರ್ವತ ನೀರಿನಲ್ಲಿನ ಮಂಜುಗಡ್ಡೆಯಂತೆ ತೇಲುತ್ತಿರುತ್ತದೆ. ಮೇಲೆ ಕರಗಿದಷ್ಟೂ ಕೆಳಗಿಂದ ಏಳುತ್ತದೆ. ಸಾವಿರ ಮೀಟರ್ ಕಲ್ಲು ಕೊಚ್ಚಿಹೋದರೆ ಬೇರು ಸುಮಾರು 800 ಮೀಟರ್ ಮೇಲೆತ್ತುತ್ತದೆ, ನಿಜವಾಗಿ ತಗ್ಗುವುದು 200 ಮೀಟರಿನಷ್ಟೇ. ನದಿ ಕಣಿವೆಯನ್ನು ಕೊರೆದು ಶಿಖರವನ್ನು ಮುಟ್ಟದೆ ಬಿಟ್ಟರಂತೂ ಶಿಖರ ಇನ್ನೂ ಎತ್ತರಕ್ಕೇರುತ್ತದೆ. ಹತ್ತಿರದಲ್ಲೇ ಹರಿಯುವ ಅರುಣ್ ನದಿಯ ಕೊರೆತದಿಂದಾಗಿ ಎವರೆಸ್ಟ್ 15ರಿಂದ 50 ಮೀಟರ್ ಎತ್ತರ ಗಳಿಸಿರಬಹುದು ಎಂದು 2024ರ ಒಂದು ಅಧ್ಯಯನ ಅಂದಾಜಿಸಿದೆ. ಸವೆತವೇ ಬೆಟ್ಟವನ್ನು ಎತ್ತುವುದು ನನಗಂತೂ ಭೂವಿಜ್ಞಾನದ ಅತ್ಯಂತ ಸೊಗಸಾದ ವಿಚಾರ.

ಇದು ಕೊನೆಯಿಲ್ಲದ ಆಟವೇನಲ್ಲ. ಫಲಕಗಳ ಒತ್ತಡ ನಿಂತ ಮೇಲೆ ಬೇರು ತೆಳುವಾಗುತ್ತ ಬರುತ್ತದೆ. ಆದರೆ ಇಳಿಜಾರು ತಗ್ಗಿದಂತೆ ನೀರಿನ ರಭಸವೂ ತಗ್ಗಿ, ಸವೆತ ನಿಧಾನವಾಗುತ್ತದೆ. ಮುದಿ ಪರ್ವತಗಳು ಅಷ್ಟು ದೀರ್ಘಕಾಲ ಬಾಳುವುದಕ್ಕೆ ಇದೂ ಒಂದು ಕಾರಣ.

ನಿಜಕ್ಕೂ ನೆಲಸಮವಾದವೂ ಇವೆ. ಪೂರ್ವ ಕೆನಡಾದಲ್ಲಿ ಸುಮಾರು 100 ಕೋಟಿ ವರ್ಷಗಳ ಹಿಂದೆ ಎದ್ದ ಗ್ರೆನ್‌ವಿಲ್ ಪರ್ವತಗಳನ್ನು ಭೂವಿಜ್ಞಾನಿಗಳು ಹಿಮಾಲಯಕ್ಕೆ ಹೋಲಿಸುತ್ತಾರೆ. ಈಗ ಅಲ್ಲಿರುವುದು ತಗ್ಗು ಗುಡ್ಡಗಳು ಮತ್ತು ಕೆರೆಗಳು. ಅಲ್ಲಿನ ಬಂಡೆಗಳಲ್ಲಿ ಕೆಂಪು ಗಾರ್ನೆಟ್ ಹರಳುಗಳು ಕಾಣುತ್ತವೆ. ಹತ್ತಾರು ಕಿಲೋಮೀಟರ್ ಆಳದ ಒತ್ತಡ, ಕಾವಿನಲ್ಲಿ ಬೆಳೆದ ಹರಳುಗಳವು. ಅಂದರೆ ಇಂದು ಅಲ್ಲಿ ನಡೆದಾಡುವವರ ಕಾಲಡಿ ಇರುವುದು ಆ ಪರ್ವತದ ಬೇರೇ.