ಹಸಿ ಇಟ್ಟಿಗೆಯ ಗೋಡೆಯಲ್ಲಿ ಗಾಥಿಕ್ ಕಿಟಕಿ: ಟೂಮ್‌ಸ್ಟೋನ್ ಊರಿನ ಸೇಂಟ್ ಪಾಲ್ಸ್ ಚರ್ಚು

ಹಳೆಯ ಕಟ್ಟಡಗಳ ದುರಸ್ತಿಯನ್ನೇ ವೃತ್ತಿಯಾಗಿಸಿಕೊಂಡವರು ಮಣ್ಣಿನ ಕಟ್ಟಡವೊಂದರ ಮುಂದೆ ನಿಂತರೆ ಮೊದಲು ನೋಡುವುದು ನೆಲಕ್ಕೆ ತಾಗಿದ ಒಂದಡಿ ಗೋಡೆಯನ್ನು. ಗೋಡೆಯ ಆಯುಷ್ಯ ಎಷ್ಟು, ಅದನ್ನು ನೋಡಿಕೊಂಡವರು ಎಂಥವರು ಎಂಬುದು ಅಲ್ಲಿ ಬಹುಮಟ್ಟಿಗೆ ತಿಳಿದುಬಿಡುತ್ತದೆ. ಅಮೆರಿಕದ ಅರಿಜೋನಾ ರಾಜ್ಯದ ಟೂಮ್‌ಸ್ಟೋನ್ ಎಂಬ ಪುಟ್ಟ ಊರಿನಲ್ಲಿ 1882ರಲ್ಲಿ ಬಿಸಿಲಿನಲ್ಲಿ ಒಣಗಿಸಿದ ಹಸಿ ಇಟ್ಟಿಗೆಯಿಂದ ಕಟ್ಟಿದ ಸೇಂಟ್ ಪಾಲ್ಸ್ ಎಪಿಸ್ಕೋಪಲ್ ಚರ್ಚು ಇಂದಿಗೂ ನಿಂತಿದೆ. ಕಟ್ಟಿದ ಜಾಗದಲ್ಲೇ ಉಳಿದಿರುವ ಅರಿಜೋನಾದ ಅತ್ಯಂತ ಹಳೆಯ ಪ್ರಾಟೆಸ್ಟೆಂಟ್ ಚರ್ಚು ಎಂದು ಅದನ್ನು ಗುರುತಿಸುತ್ತಾರೆ. ಅದರ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಬಂದೂಕುಧಾರಿಗಳಿಂದ ಆರಂಭಿಸುತ್ತಾರೆ. ನಾನು ಗೋಡೆಯ ಕಡೆಯಿಂದ ಹೇಳಬೇಕೆಂದಿದ್ದೇನೆ.

ಊರಿನ ಹುಟ್ಟೇ ವಿಚಿತ್ರವಾದದ್ದು. 1877ರಲ್ಲಿ ಎಡ್ ಶೀಫೆಲಿನ್ ಎಂಬಾತ ಅಪಾಚೆ ಜನರ ನೆಲದಲ್ಲಿ ಅದಿರು ಹುಡುಕಿಕೊಂಡು ಹೊರಟಾಗ, ಅಲ್ಲಿ ನಿನಗೆ ಸಿಗುವುದು ನಿನ್ನ ಗೋರಿಯ ಕಲ್ಲು ಮಾತ್ರ ಎಂದು ಜೊತೆಯವರು ಎಚ್ಚರಿಸಿದ್ದರಂತೆ. ಬೆಳ್ಳಿ ಸಿಕ್ಕಿದಾಗ ಆತ ಗಣಿಗೆ ಗೋರಿಕಲ್ಲು ಎಂಬ ಅರ್ಥದ ಹೆಸರನ್ನೇ ಇಟ್ಟ, 1879ರಲ್ಲಿ ಎದ್ದ ಊರಿಗೂ ಅದೇ ಹೆಸರಾಯಿತು. ಎರಡೇ ವರ್ಷದಲ್ಲಿ ಸಾವಿರಾರು ಜನ ಸೇರಿದರು. 1881ರ ಜೂನ್‌ನಲ್ಲಿ ಬೆಂಕಿ ಬಿದ್ದು ಅಂಗಡಿ ಸಾಲುಗಳು ಸುಟ್ಟವು. ಅದೇ ಅಕ್ಟೋಬರ್ 26ರಂದು ಓ.ಕೆ. ಕೊರಾಲ್ ಎಂಬ ಕುದುರೆ ಲಾಯದ ಬಳಿಯ ಗುಂಡಿನ ಕಾಳಗದಲ್ಲಿ ಮೂವರು ಸತ್ತರು. ಚರ್ಚು ಕಟ್ಟುವ ಕೆಲಸ ನಡೆದದ್ದು ಇದಾದ ಮರುವರ್ಷವೇ.

ಎಪಿಸ್ಕೋಪಲ್ ಎಂದರೆ ಬಿಷಪ್ಪರ ಆಡಳಿತಕ್ಕೆ ಒಳಪಟ್ಟದ್ದು ಎಂದರ್ಥ. ಅಮೆರಿಕ ಸ್ವತಂತ್ರವಾದ ಮೇಲೆ ಅಲ್ಲಿದ್ದ ಆಂಗ್ಲಿಕನ್ ಸಭೆಗಳು ಇಂಗ್ಲೆಂಡಿನ ದೊರೆಗೆ ನಿಷ್ಠೆ ತೋರುವ ಹಾಗಿರಲಿಲ್ಲವಾದ್ದರಿಂದ ಬೇರೆ ಸಂಸ್ಥೆಯಾಗಿ ರೂಪುಗೊಂಡವು. ನಮ್ಮಲ್ಲಿ 1947ರಲ್ಲಿ ಆಂಗ್ಲಿಕನ್ ಸಭೆಗಳು ಇತರರೊಡನೆ ಕೂಡಿ ದಕ್ಷಿಣ ಭಾರತ ಸಭೆಯಾದವು. ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕೆಥೆಡ್ರಲನ್ನು ಬಲ್ಲವರಿಗೆ ಈ ಬಳಗದ ಪೂಜಾಕ್ರಮ ಹೊಸದೆನಿಸಲಾರದು. ಬಿಷಪ್ಪರನ್ನು ಅವಲಂಬಿಸಿದ ಈ ಪದ್ಧತಿ ಗಡಿನಾಡಿನಲ್ಲಿ ನಿಧಾನಕ್ಕೂ ಕಾರಣವಾಯಿತು. ಮೆಥಡಿಸ್ಟ್ ಬೋಧಕರು ಕುದುರೆಯೇರಿ ಹೋದಲ್ಲೆಲ್ಲ ಸಭೆ ನಡೆಸುತ್ತಿದ್ದರು. ಎಪಿಸ್ಕೋಪಲ್ ಸಭೆ 1835ರಲ್ಲಿ ಜಾಕ್ಸನ್ ಕೆಂಪರ್ ಅವರನ್ನು ಮೊದಲ ಮಿಷನರಿ ಬಿಷಪ್ಪರನ್ನಾಗಿ ನೇಮಿಸಿದ ಮೇಲಷ್ಟೇ ಪಶ್ಚಿಮದ ಕಡೆ ವ್ಯವಸ್ಥಿತವಾಗಿ ಮುಖ ಮಾಡಿತು.

ಟೂಮ್‌ಸ್ಟೋನಿಗೆ ಬಂದವನು ಪೂರ್ಣ ದೀಕ್ಷೆಯನ್ನೂ ಪಡೆಯದ ವಿದ್ಯಾರ್ಥಿ. ಎಂಡಿಕಾಟ್ ಪೀಬಡಿ ಮ್ಯಾಸಚೂಸೆಟ್ಸಿನ ಸೇಲಂ ಊರಿನವನು, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಓದಿದವನು. 1882ರ ಜನವರಿ 29ರಂದು ಬಂದಿಳಿದಾಗ ಅವನಿಗೆ 24 ವರ್ಷ. ಸಭೆಗೆ ಸ್ವಂತ ಕಟ್ಟಡವಿಲ್ಲದ್ದರಿಂದ ಮೊದಮೊದಲ ಆರಾಧನೆಗಳು ನ್ಯಾಯಾಲಯದ ಕೋಣೆಯಲ್ಲಿ ನಡೆದವು. ಅವನು ಬಾಕ್ಸಿಂಗ್ ಬಲ್ಲವನು, ಬೇಸ್‌ಬಾಲ್ ಆಟದಲ್ಲಿ ಮುಂದು. ಗಣಿ ಕಾರ್ಮಿಕರ ಊರಿನಲ್ಲಿ ಈ ಗುಣಗಳು ಪ್ರವಚನಕ್ಕಿಂತ ಮೊದಲು ಕೆಲಸಕ್ಕೆ ಬಂದವು. ಸುಮಾರು ಆರು ತಿಂಗಳು ಮಾತ್ರ ಅಲ್ಲಿದ್ದು ಹಿಂದಿರುಗಿದ ಆತ 1884ರಲ್ಲಿ ಗ್ರಾಟನ್ ಶಾಲೆಯನ್ನು ಸ್ಥಾಪಿಸಿದ. ಅಲ್ಲಿ ಅವನ ಶಿಷ್ಯನಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟರ ಮದುವೆಯನ್ನು 1905ರಲ್ಲಿ ನಡೆಸಿಕೊಟ್ಟವನೂ ಅವನೇ.

ಪೀಬಡಿ ಜೂಜಿನ ಮೇಜುಗಳ ಬಳಿಗೇ ಹೋಗಿ ಚರ್ಚಿಗೆ ಹಣ ಕೇಳಿದ, ಬಲಿಪೀಠದ ಮುಂದಿನ ಕಟಕಟೆಗೆ ಓ.ಕೆ. ಕೊರಾಲ್ ಕಾಳಗದಲ್ಲಿ ಗುಂಡು ಹಾರಿಸಿದವರಲ್ಲಿ ಒಬ್ಬನಾದ ವೈಯಟ್ ಅರ್ಪ್ ಹಣ ಕೊಟ್ಟ ಎಂಬ ಕಥೆಗಳು ಬಹಳ ಪ್ರಚಾರದಲ್ಲಿವೆ. ಮೊದಲಿನದು ಊರಿನ ಸ್ವಭಾವಕ್ಕೆ ಹೊಂದುತ್ತದೆ. ಎರಡನೆಯದರ ಬಗ್ಗೆ ಮಾತ್ರ ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 1882ರ ಮಾರ್ಚ್ 18ರಂದು ಅವನ ತಮ್ಮ ಮಾರ್ಗನ್ ಅರ್ಪ್ ಕೊಲೆಯಾದ ಮೇಲೆ ಅದೇ ತಿಂಗಳಲ್ಲಿ ವೈಯಟ್ ಊರು ಬಿಟ್ಟ. ಹೊಸ ಚರ್ಚಿನಲ್ಲಿ ಮೊದಲ ಆರಾಧನೆ ನಡೆದದ್ದು ಜೂನ್ 18ರಂದು. ಅವನು ಮೊದಲೇ ಹಣ ಕೊಟ್ಟಿರಬಾರದೆಂದೇನೂ ಇಲ್ಲ. ಆದರೆ ಒಬ್ಬ ಪ್ರಸಿದ್ಧನ ಹೆಸರು ಕಟಕಟೆಗೆ ಅಂಟಿಕೊಂಡ ಕೂಡಲೇ ಉಳಿದ ಭಾಗಕ್ಕೆಲ್ಲ ಹಣ ಕೊಟ್ಟವರು ಕಣ್ಮರೆಯಾಗುತ್ತಾರೆ, ಅದು ನನಗೆ ನಿಜವಾಗಿ ನೋವಿನ ಸಂಗತಿ. ಗಣಿ ಕಚೇರಿಯ ಗುಮಾಸ್ತರು, ಅಂಗಡಿಕಾರರು, ಚಂದಾ ಪಟ್ಟಿ ಹಿಡಿದು ಮನೆಮನೆಗೆ ಹೋದ ಹೆಂಗಸರು ಇಲ್ಲದೆ ಗಡಿನಾಡಿನ ಯಾವ ಚರ್ಚೂ ಎದ್ದಿಲ್ಲ.

ಇನ್ನು ಕಟ್ಟಡಕ್ಕೆ ಬರೋಣ. 1830ರ ದಶಕದ ಕೊನೆಯಿಂದ ಇಂಗ್ಲೆಂಡಿನಲ್ಲಿ ಮಧ್ಯಯುಗದ ಗಾಥಿಕ್ ಶೈಲಿಯೇ ಆರಾಧನೆಗೆ ಸರಿಯಾದದ್ದು ಎಂಬ ಚಳವಳಿ ಬೆಳೆದು ಅಮೆರಿಕದ ಎಪಿಸ್ಕೋಪಲ್ ಸಭೆಗಳನ್ನೂ ಆವರಿಸಿತು. ರಿಚರ್ಡ್ ಅಪ್‌ಜಾನ್ ಎಂಬ ವಾಸ್ತುಶಿಲ್ಪಿ 1852ರಲ್ಲಿ ಬಡ ಸಭೆಗಳಿಗಾಗಿ ಕಡಿಮೆ ಖರ್ಚಿನ ಮರದ ಚರ್ಚುಗಳ ನಕ್ಷೆಗಳನ್ನೇ ಪ್ರಕಟಿಸಿದ. ಕಡಿದಾದ ಇಳಿಜಾರಿನ ಚಾವಣಿ, ಚೂಪು ಕಮಾನಿನ ಕಿರಿದಾದ ಕಿಟಕಿಗಳು ಎಪಿಸ್ಕೋಪಲ್ ಸಭೆಯ ಗುರುತೇ ಆಗಿಬಿಟ್ಟವು. ಟೂಮ್‌ಸ್ಟೋನಿನಲ್ಲಿ ಅದೇ ರೂಪವನ್ನು ಮಣ್ಣಿನಲ್ಲಿ ತೆಗೆಯಬೇಕಾಯಿತು. ರೈಲು 1880ರಲ್ಲಿ ಬೆನ್ಸನ್‌ವರೆಗೆ ಬಂದಿತ್ತಾದರೂ ಟೂಮ್‌ಸ್ಟೋನಿಗೆ ಬಂದದ್ದು 1903ರಲ್ಲಿ. ಗಾಜು ಮೊದಲಾದ ಹೊರಗಿನ ಸಾಮಾನೆಲ್ಲ ಗಾಡಿಯಲ್ಲೇ ಬರಬೇಕಿದ್ದ ಕಾಲದಲ್ಲಿ ಕಾಲಡಿಯ ಮಣ್ಣು ಅಗ್ಗದ ಸರಕು. ಮೆಕ್ಸಿಕೋ ಮೂಲದ ಕೆಲಸಗಾರರಿಗೆ ಅದನ್ನು ಹದಗೊಳಿಸುವ ವಿದ್ಯೆ ತಲೆಮಾರುಗಳಿಂದ ಬಂದಿತ್ತು.

ಮಣ್ಣಿನ ಗೋಡೆಯಲ್ಲಿ ಚೂಪು ಕಮಾನಿಗೆ ಒಂದು ಅನುಕೂಲವಿದೆ. ಹಸಿ ಇಟ್ಟಿಗೆ ಭಾರವನ್ನು ಹೊರುತ್ತದೆ, ಎಳೆತವನ್ನು ತಾಳುವುದಿಲ್ಲ. ಕಿಟಕಿ ಕಿರಿದಾಗಿ ಎತ್ತರವಾಗಿದ್ದಷ್ಟೂ ಅದರ ಮೇಲಿನ ಭಾರ ಎರಡೂ ಬದಿಗೆ ಸುಲಭವಾಗಿ ಇಳಿಯುತ್ತದೆ. ಶೈಲಿಯ ಹಟಕ್ಕೆ ಆರಿಸಿಕೊಂಡ ರೂಪ ಇಲ್ಲಿ ಗೋಡೆಗೂ ಹಿತವಾಯಿತು. ಕಡಿದಾದ ಚಾವಣಿಯೂ ಅಷ್ಟೇ. ಆ ನಾಡಿನ ಮಳೆ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಗುಡುಗಿನೊಂದಿಗೆ ರಭಸವಾಗಿ ಸುರಿಯುತ್ತದೆ, ಚಪ್ಪಟೆ ಮಾಳಿಗೆಯ ಮೇಲೆ ನೀರು ನಿಂತರೆ ಮಣ್ಣಿನ ಮನೆ ಉಳಿಯುವುದು ಕಷ್ಟ. ಜೂನ್ ಮಧ್ಯದಲ್ಲೇ ಆರಾಧನೆ ನಡೆಯಿತೆಂದರೆ ಮಳೆಗೆ ಮೊದಲು ಸೂರು ಮುಚ್ಚಿತ್ತು ಎಂದಾಯಿತು. ಮಣ್ಣಿನ ಮನೆ ಕಟ್ಟಿಸಿದ ನಮ್ಮ ಹಳ್ಳಿಯ ಯಾವ ಮೇಸ್ತ್ರಿಗೂ ಈ ಅವಸರ ಅರ್ಥವಾಗುತ್ತದೆ. ಅದೇ ಮೇ ಕೊನೆಯಲ್ಲಿ ಊರಿಗೆ ಎರಡನೆಯ ಬಾರಿ ದೊಡ್ಡ ಬೆಂಕಿ ಬಿದ್ದು ಪೇಟೆ ಉರಿದುಹೋಯಿತು. ಪೇಟೆಯ ಅಲೆನ್ ಬೀದಿಯಿಂದ ಎರಡು ಬೀದಿ ಆಚೆ, ಸ್ಯಾಫರ್ಡ್ ಮತ್ತು ಮೂರನೆಯ ಬೀದಿ ಕೂಡುವಲ್ಲಿದ್ದ ಚರ್ಚಿಗೆ ಅದು ತಟ್ಟಲಿಲ್ಲ.

ಇಂಥ ಗೋಡೆಗೆ ಬೆಂಕಿಗಿಂತ ದೊಡ್ಡ ಶತ್ರು ನೀರು, ಅದಕ್ಕೂ ಮಿಗಿಲಾದದ್ದು ಸಿಮೆಂಟು. ಧಾರವಾಡದ ಕಡೆ ಒಂದು ಹಳೆಯ ಮನೆಯ ಮಣ್ಣಿನ ಗೋಡೆಗೆ ಗಟ್ಟಿಯಾಗಲೆಂದು ಸಿಮೆಂಟಿನ ಗಿಲಾವು ಮಾಡಿಸಿದ್ದರು. ನಾನು ಅದನ್ನು ಬಡಿದಾಗ ಪೊಳ್ಳು ಸದ್ದು ಬಂತು. ಒಂದು ಹಲ್ಲೆ ಕಿತ್ತು ಕೈಯಿಟ್ಟರೆ ಒಳಗಿನ ಮಣ್ಣು ಕಲಸಿದ ರಾಗಿ ಹಿಟ್ಟಿನಂತೆ ಬೆರಳಿಗೆ ಮೆತ್ತಿಕೊಂಡಿತು. ನೆಲದಿಂದ ಏರಿದ ತೇವ ಹೊರಗೆ ಆರಲು ದಾರಿಯಿಲ್ಲದೆ ಒಳಗೇ ಕೂತು ಗೋಡೆಯ ಬುಡವನ್ನು ಕರಗಿಸಿತ್ತು. ಸುಣ್ಣದ ಗಾರೆಯೋ ಮಣ್ಣಿನ ಮೆತ್ತೆಯೋ ಇದ್ದರೆ ಗೋಡೆ ಉಸಿರಾಡುತ್ತದೆ, ಆದರೆ ಕೆಲವು ಮಳೆಗಾಲಕ್ಕೊಮ್ಮೆ ಅದನ್ನು ಹೊಸದಾಗಿ ಬಳಿಯುವ ಜನ ಬೇಕು.

ಟೂಮ್‌ಸ್ಟೋನಿನಲ್ಲಿ ಜನ ಉಳಿಯಲಿಲ್ಲ. ಗಣಿಗಳು ಆಳಕ್ಕೆ ಹೋದಂತೆ ನೀರು ನುಗ್ಗಿತು. 1886ರಲ್ಲಿ ಗ್ರ್ಯಾಂಡ್ ಸೆಂಟ್ರಲ್ ಗಣಿಯ ಪಂಪುಮನೆ ಸುಟ್ಟುಹೋದ ಮೇಲೆ ಹಿಂದಿನ ಉತ್ಪಾದನೆ ಮರಳಲಿಲ್ಲ. 1900ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 646. 1929ರಲ್ಲಿ ಜಿಲ್ಲಾ ಕೇಂದ್ರವೂ ಬಿಸ್ಬಿಗೆ ಹೋಯಿತು. ಸಂಬಳದ ಸಭಾಪಾಲಕರನ್ನು ಇಟ್ಟುಕೊಳ್ಳುವ ಶಕ್ತಿ ಇಂಥ ಊರುಗಳ ಸಭೆಗಳಿಗೆ ಇರುವುದಿಲ್ಲ. ಆದರೂ 1971ರಲ್ಲಿ ಈ ಚರ್ಚು ರಾಷ್ಟ್ರೀಯ ಐತಿಹಾಸಿಕ ತಾಣಗಳ ಪಟ್ಟಿಗೆ ಸೇರಿದಾಗ ಅದರ ಗೋಡೆಗಳು ನಿಂತೇ ಇದ್ದವು. ಚಾವಣಿ ಸೋರಿ ತಲೆ ನೆನೆದ ಹಸಿ ಇಟ್ಟಿಗೆಯ ಗೋಡೆಯನ್ನು ಹಾಗೇ ಬಿಟ್ಟರೆ ಕೆಲವೇ ವರ್ಷಗಳಲ್ಲಿ ಅದು ಮತ್ತೆ ಮಣ್ಣಾಗುತ್ತದೆ. ಅದು ಹಾಗಾಗಲಿಲ್ಲವೆಂದರೆ, ಪೀಬಡಿ ಹೊರಟುಹೋದ ಮೇಲಿನ ಒಂದೊಂದು ದಶಕದಲ್ಲೂ ಯಾರೋ ಏಣಿ ಹತ್ತಿ ಚಾವಣಿಯ ಒಡಕು ಮುಚ್ಚಿದ್ದಾರೆ, ಯಾರೋ ಗೋಡೆಯ ಬುಡದಿಂದ ನೀರನ್ನು ಆಚೆ ಹರಿಯಗೊಟ್ಟಿದ್ದಾರೆ.